ಪಿತೃಪಕ್ಷದ ಸಹಿ

ನಮ್ಮ ಯಲಹಂಕದ ಕಡ್ಲೆಪುರಿ ಹುರಿಯುವ ಭಟ್ಟಿಗಳು ಹೇಗೆ ಆರಿಹೋದವು ಎಂದು ಕೇಳಿದರೆ ಹಳಬರು ಇವತ್ತಿಗೂ ಸರ್ಕಾರದ ಕಡೆ ಬೆರಳು ತೋರಿಸುತ್ತಾರೆ. ಸರ್ಕಾರವನ್ನು ಬೈಯುವುದು ಸುಲಭ, ಅದು ತಿರುಗಿ ಬೈಯುವುದಿಲ್ಲ. ಆದರೆ ನಾನು ಆ ಫೈಲನ್ನು ಕಣ್ಣಾರೆ ಕಂಡವನು. ನಮ್ಮ ಒಲೆಗೆ ನೀರು ಹೊಯ್ದವನು ನನ್ನ ಸೋದರಮಾವ, ನನ್ನ ತಾಯಿಯ ಒಡಹುಟ್ಟಿದ ಅಣ್ಣ. ಅಮ್ಮ ಬದುಕಿರುವಷ್ಟು ಕಾಲ ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ಈಗ ಅಮ್ಮನೂ ಇಲ್ಲ, ಮಾವನೂ ಇಲ್ಲ. ನನ್ನ ಸಿಟ್ಟು ಮಾತ್ರ ಹಾಗೇ ಇದೆ.

ಐವತ್ತರ ದಶಕದಲ್ಲಿ ನಮ್ಮ ಬೀದಿಯಲ್ಲಿ ಹದಿನಾಲ್ಕು ಭಟ್ಟಿಗಳಿದ್ದವು. ಅದರಲ್ಲಿ ನಮ್ಮದೂ ಒಂದು. ಅಮ್ಮನ ಮದುವೆಯಾದ ವರ್ಷ ಅವಳ ಅಪ್ಪ, ಅಂದರೆ ನಮ್ಮ ತಾತ, ಕೆರೆಯ ಮಣ್ಣು ಹೊತ್ತು ತಂದು ತನ್ನ ಕೈಯಾರೆ ಕಟ್ಟಿಕೊಟ್ಟ ಭಟ್ಟಿ ಅದು. ನಮ್ಮಪ್ಪನಿಗೆ ಉಬ್ಬಸ. ಹೊಗೆ ಎದೆಗೆ ಆಗದೆ ಅವರು ಜಗಲಿಯಲ್ಲೇ ಕೂರುತ್ತಿದ್ದರು. ಹಾಗಾಗಿ ಭಟ್ಟಿ ಎಂದರೆ ಅಮ್ಮ. ಕಾದ ಮರಳಿನ ಬಾಣಲೆಗೆ ಒಂದು ಹಿಡಿ ಅಕ್ಕಿ ಎರಚಿ, ತೆಂಗಿನ ಕಡ್ಡಿಯ ಪೊರಕೆಯಲ್ಲಿ ನಾಲ್ಕು ಸಲ ಆಡಿಸುವಷ್ಟರಲ್ಲಿ ಪುರಿ ಅರಳಿ ಬಾಣಲೆ ತುಂಬುತ್ತಿತ್ತು. ಜರಡಿಗೆ ಸುರಿದು ಮರಳು ಕೆಡವಿ, ಅವಳು ಮತ್ತೊಂದು ಹಿಡಿ ಎರಚುತ್ತಿದ್ದಳು. ನಮ್ಮ ಮೂವರ ಹೊಟ್ಟೆ, ನನ್ನ ಎಸ್ಸೆಸ್ಸೆಲ್ಸಿ, ಅಪ್ಪನ ಔಷಧಿ, ಎಲ್ಲವೂ ಆ ಬಾಣಲೆಯಿಂದಲೇ ಬಂದದ್ದು.

ಈ ಕೆಲಸದಲ್ಲಿ ಒಂದು ಗುಟ್ಟಿದೆ. ಹೊಸ ಭತ್ತದ ಅಕ್ಕಿ ಅರಳುವುದಿಲ್ಲ. ಮರಳಿಗೆ ಬಿದ್ದರೆ ಮುದುಡಿ ಸೀದು ಹೋಗುತ್ತದೆ. ಸುಗ್ಗಿಯಲ್ಲಿ ಕೊಂಡದ್ದನ್ನು ಕಣಜದಲ್ಲಿ ಹಾಕಿ ಒಂದು ವರ್ಷ ಹಳೆಯದು ಮಾಡಬೇಕು. ಅದಕ್ಕೇ ಭಟ್ಟಿಯವರ ಮನೆಯಲ್ಲಿ ಉಣ್ಣಲು ರಾಗಿ ಸಾಲದೆ ಬಂದರೂ ಕಣಜದಲ್ಲಿ ಭತ್ತ ತುಂಬಿರುತ್ತಿತ್ತು. ನೋಡಿದವರು ಇವರೇನು ಶ್ರೀಮಂತರಪ್ಪಾ ಎನ್ನಬೇಕು, ಹಾಗೆ!

ನಾನು ಸಿಟಿಯಲ್ಲಿ ವಕೀಲರೊಬ್ಬರ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುವುದು. ಆಫೀಸಿಗೆ ಪ್ರತಿ ವಾರ ಗೆಜೆಟ್ ಬರುತ್ತಿತ್ತು. ಅದನ್ನು ಪುಟ ಬಿಡದೆ ಓದುವ ಹುಚ್ಚು ನನಗೆ ಹೇಗೆ ಹತ್ತಿತೆಂದರೆ, ಸೇರು ಹೋಗಿ ಕಿಲೋ ಬರುತ್ತಿದ್ದ ಕಾಲದಲ್ಲಿ ಯಾರೋ ಇನ್ಸ್‌ಪೆಕ್ಟರು ಬಂದು ನಮ್ಮ ಬೀದಿಯ ಸೇರು, ಪಾವುಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹೊರಟಿದ್ದರು. ಹಳೆಯ ಅಳತೆಗೆ ಇನ್ನೂ ಗಡುವು ಇದೆ ಎಂದು ನಾನು ಗೆಜೆಟ್ಟಿನಲ್ಲಿ ಓದಿದ್ದೆ. ಅದನ್ನು ತಂದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಓದಿದರು, ಚೀಲ ಬಿಚ್ಚಿದರು. ಅವತ್ತಿನಿಂದ ಬೀದಿಗೆಲ್ಲ ನಾನೇ ಕಾನೂನು. ಎಣ್ಣೆ ಗಾಣದವರು, ಬೆಲ್ಲದವರು, ಸೊಪ್ಪು ಮಾರುವ ಹೆಂಗಸರು ಸಹ ಸಂತೆಯ ದಿನ ನನ್ನನ್ನು ನಿಲ್ಲಿಸಿ, 'ಈ ವಾರ ಏನ್ ಬರ್ದವ್ರೆ ಏಳಪ್ಪಾ' ಎಂದು ಕೇಳುತ್ತಿದ್ದರು. ನಾನು ಎದೆಯುಬ್ಬಿಸಿಕೊಂಡು ಹೇಳುತ್ತಿದ್ದೆ. ಆ ವಯಸ್ಸೇ ಹಾಗೆ.

ಹೀಗೇ ಒಂದು ಸಂಘವಾಯಿತು, ಊರಿನ ಸಣ್ಣ ವ್ಯಾಪಾರಿಗಳದ್ದು. ಅಧ್ಯಕ್ಷರು ಯಾರು ಎಂಬ ಪ್ರಶ್ನೆಯೇ ಬರಲಿಲ್ಲ. ಮಾವನಿಗೆ ಕರೆಂಟಿನ ಅಕ್ಕಿ ಗಿರಣಿ ಇತ್ತು, ಬಂದವರಿಗೆ ಕೂರಲು ಕುರ್ಚಿಗಳಿದ್ದವು, ಅಧಿಕಾರಿಗಳ ಮುಂದೆ ನಿಂತು ಮಾತಾಡುವ ಗಂಟಲಿತ್ತು. ಹಣೆಯಲ್ಲಿ ಮೂರು ಪಟ್ಟೆ ವಿಭೂತಿ ಇಲ್ಲದೆ ಅವನನ್ನು ನಾನು ಕಂಡದ್ದಿಲ್ಲ. ಸಂಘದ ಹೆಸರಿನಲ್ಲಿ ಕಾಗದ ಅಚ್ಚು ಹಾಕಿಸಿದೆವು, ರಬ್ಬರ್ ಸ್ಟಾಂಪು ಮಾಡಿಸಿದೆವು. ಎರಡೂ ಮಾವನ ಮನೆಯ ಬೀರುವಿನಲ್ಲಿ ಇದ್ದವು. ನಮ್ಮ ಮನೆಯ ಬೀಗದ ಕೈ ಕೇಳಿದ್ದರೂ ಕೊಡುತ್ತಿದ್ದೆವು.

ಅರವತ್ತರ ದಶಕದ ಮೊದಲ ವರ್ಷಗಳು. ಗೌರಿ ಗಣೇಶ ಮುಗಿದು ಪಿತೃಪಕ್ಷ ಹಿಡಿದ ಮೊದಲ ದಿನವೇ ಗೆಜೆಟ್ಟಿನಲ್ಲಿ ಒಂದು ಕರಡು ಆಜ್ಞೆ ಬಂತು. ಯಾರೂ ಹತ್ತು ಮೂಟೆಗಿಂತ ಹೆಚ್ಚು ಭತ್ತ ದಾಸ್ತಾನು ಇಡಬಾರದು. ಇಡಬೇಕಾದರೆ ಲೈಸೆನ್ಸ್ ಬೇಕು. ಲೈಸೆನ್ಸಿಗೆ ಸಿಮೆಂಟು ನೆಲದ ಉಗ್ರಾಣ ಇರಬೇಕು. ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಬರೆದು ತಿಳಿಸತಕ್ಕದ್ದು. ಕಾಳಸಂತೆಯವರನ್ನು ಹಿಡಿಯಲು ಬೀಸಿದ ಬಲೆ, ಸರಿ. ಆದರೆ ಹತ್ತು ಮೂಟೆ ನಮ್ಮ ಭಟ್ಟಿಗೆ ಎರಡು ತಿಂಗಳಿಗೆ ಸಾಲದು.

ನಮ್ಮ ವಕೀಲರಿಗೆ ತೋರಿಸಿದೆ. ಅವರು ಓದಿ, 'ಕರಡು ತಾನೇ, ಗಾಬರಿ ಯಾಕಪ್ಪಾ? ನಿಮ್ಮ ಕಸುಬಿನ ವಿಚಾರ ಅವರಿಗೇನ್ ಗೊತ್ತು? ಒಂದು ಪೋಸ್ಟ್ ಕಾರ್ಡು ಹಾಕಿದ್ರೂ ಆಕ್ಷೇಪಣೆ ಆಕ್ಷೇಪಣೇನೇ. ಗಡುವಿನೊಳಗೆ ಸೇರ್ಬೇಕು ಅಷ್ಟೆ' ಎಂದರು.

ಒಂದು ಪೋಸ್ಟ್ ಕಾರ್ಡು! ಆ ಮಾತು ನೆನೆದಾಗಲೆಲ್ಲ ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ. ಅವತ್ತು ರೈಲು ಹತ್ತುವ ಮುಂಚೆ ಅಂಚೆ ಕಚೇರಿಗೆ ಹೋಗಿದ್ದರೆ ಆಗುತ್ತಿತ್ತು. ನಾನು ಹೋದದ್ದು ಮಾವನ ಮನೆಗೆ. ಹಿರಿಯರನ್ನು ಕೇಳದೆ ಮಾಡಬಾರದು ನೋಡಿ!

ಮಾವ ಪೂರಾ ಕೇಳಿಸಿಕೊಂಡ. ಎರಡು ಸಲ ಓದಿಸಿದ. ಯಂತ್ರ ಇರುವವರಿಗೆ ಇದು ತಾಕುತ್ತದಾ ಎಂದು ಕೇಳಿದ. ಎಲ್ಲರಿಗೂ ತಾಕುತ್ತದೆ ಮಾವ ಎಂದೆ. ಅವನು ವಿಭೂತಿಯ ಹಣೆ ಸವರಿಕೊಂಡು ಹೇಳಿದ: 'ಬರಿಯೋಣ ಅಳಿಯಾ. ಬರೀಲೇಬೇಕು. ಆದ್ರೆ ಈಗ ಪಕ್ಷ. ಇರೀಕರು ಮನೆ ಬಾಗ್ಲಲ್ಲಿ ನಿಂತಿರೋ ಒತ್ತಲ್ಲಿ ಒಸ ಕೆಲ್ಸಕ್ಕೆ ಕೈ ಆಕಿದ್ರೆ ಕೈಗೂಡಲ್ಲ. ಅಮಾಸೆ ಕಳೀಲಿ. ಅಲ್ಲೀಗಂಟ ಯಾರ್ಗೂ ಏಳ್ಬೇಡ, ಸುಮ್ಕೆ ಎದ್ರುಕೊಂಡಾರು.'

ಇದನ್ನು ಓದಿ ಈಗಿನವರು ನಗಬಹುದು. ನಗಿ. ಆದರೆ ನಮ್ಮ ಕಡೆ ಪಿತೃಪಕ್ಷದ ಹದಿನೈದು ದಿನ ಯಾರೂ ಎತ್ತು ಕೊಳ್ಳುತ್ತಿರಲಿಲ್ಲ, ಗುದ್ದಲಿ ಪೂಜೆ ಮಾಡುತ್ತಿರಲಿಲ್ಲ, ಹೆಣ್ಣು ನೋಡಲು ಹೋಗುತ್ತಿರಲಿಲ್ಲ, ಹೊಸ ಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಿರಲಿಲ್ಲ. ನಾನು ಒಂದೊಂದು ಮನೆಗೆ ಹೋಗಿ ಕೇಳಿದ್ದರೂ ಅದೇ ಉತ್ತರ ಬರುತ್ತಿತ್ತು. ಆದರೆ ನಾನು ಕೇಳಲೇ ಇಲ್ಲ. ಎಂದೂ ಬಾಯಿ ಮುಚ್ಚದವನು ಆ ಹದಿನೈದು ದಿನ ಬಾಯಿಗೆ ಬೀಗ ಹಾಕಿಕೊಂಡು ಕೂತೆ.

ಆ ನಡುವೆ ಒಂದು ಬುಧವಾರ ಮಾವನ ಮನೆಯಲ್ಲಿ ತಾತನ ಪಕ್ಷ ಬಂತು. ಆ ದಿನ ತೀರಿಕೊಂಡವರಿಗೆ ಅವರು ಇಷ್ಟಪಟ್ಟದ್ದನ್ನೆಲ್ಲ ಅಡುಗೆ ಮಾಡಿ, ಬಾಳೆ ಎಲೆಯಲ್ಲಿ ಎಡೆ ಇಟ್ಟು, ಬಾಗಿಲು ಮುಂದಕ್ಕೆ ಎಳೆದು ಮನೆಯವರೆಲ್ಲ ಸ್ವಲ್ಪ ಹೊತ್ತು ಆಚೆ ಕೂರುವುದು ಪದ್ಧತಿ. ಹಿರಿಯರು ಬಂದು ಉಣ್ಣುವಾಗ ಗಲಾಟೆ ಮಾಡಬಾರದು. ಎಡೆ ಇಡುವವನು ಮಗ, ಅಡುಗೆ ಮಾತ್ರ ಪ್ರತಿ ವರ್ಷ ಅಮ್ಮನದೇ. ಅವಳು ಬೆಳಗಿನ ಜಾವವೇ ಹೋಗಿ ಸೊಂಟ ಬಾಗಿಸಿ ಅಟ್ಟು ಮುಗಿಸಿದ್ದಳು. ಆದರೆ ಮಾವನೇ ಇಲ್ಲ. ಗಿರಣಿಗೆ ಏನೋ ಸಾಮಾನು ತರಲು ಸಿಟಿಗೆ ಹೋಗಿದ್ದಾನೆ ಎಂದರು. ಅಪ್ಪನ ಪಕ್ಷದ ದಿನ ಎಂಥ ಸಾಮಾನಪ್ಪಾ ಎಂದು ಅಮ್ಮ ಗೊಣಗಿದಳು. ನಾವೆಲ್ಲ ಉಪವಾಸ ಕಾದೆವು. ಬಿಸಿಲು ಇಳಿಯುವ ಹೊತ್ತಿಗೆ ಬಂದ, ಸ್ನಾನ ಮಾಡಿ ಎಡೆ ಇಟ್ಟ. ತಂಗಿಯ ಕೈಯಡುಗೆ ಹೊಗಳುತ್ತಾ ಗಡದ್ದಾಗಿ ಉಂಡ. ಕೈ ತೊಳೆಯುವಾಗ ನನ್ನ ಹತ್ತಿರ ಬಂದು, 'ಕಾಗ್ದ ಮುಟ್ಟಿಲ್ಲ ತಾನೇ?' ಎಂದು ಮೆಲ್ಲಗೆ ಕೇಳಿದ. ಇಲ್ಲ ಮಾವ ಎಂದೆ. 'ಒಳ್ಳೇದು. ಇರೀಕರು ನೋಡ್ತಾ ಅವ್ರೆ' ಎಂದ.

ಅಮಾವಾಸ್ಯೆ ಕಳೆಯಿತು, ನವರಾತ್ರಿ ಬಂತು. ಭಟ್ಟಿಯವರಿಗೆ ಅದು ಉಸಿರಾಡಲು ಪುರುಸೊತ್ತಿಲ್ಲದ ಕಾಲ. ಆಯುಧಪೂಜೆಯ ದಿನ ಬೆಂಗಳೂರಿನಲ್ಲಿ ಕಡ್ಲೆಪುರಿ ಹಂಚದ ಅಂಗಡಿ ಇದೆಯೇ, ಗ್ಯಾರೇಜು ಇದೆಯೇ? ಗಾಡಿಗಳು ನಮ್ಮ ಬೀದಿಯಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದವು. ಆಗ ನಾನು ಎಲ್ಲರಿಗೂ ವಿಷಯ ಹೇಳಿದೆ. ಪಕ್ಕದ ಸಿಂಗಾಪುರ ಎಂಬ ಹಳ್ಳಿಯಿಂದ ಬಂದು ನಮ್ಮಲ್ಲಿ ಭಟ್ಟಿ ಹಾಕಿದ್ದ ಒಬ್ಬ ಅಜ್ಜ ಇದ್ದ. ಅವನು ಬೆವರು ಒರೆಸಿಕೊಳ್ಳುತ್ತಾ, 'ಈಗ್ ಏಳ್ತೀಯಲ್ಲಪ್ಪಾ! ದಶಮಿ ದಿನ ಒತ್ತಾನ ತಗೊ. ವಿಜಯ ಆಯ್ತದೆ' ಎಂದ. ಉಳಿದವರೂ ಹೂಂ ಎಂದರು. ನಾನು ಬೆರಳು ಮಡಿಸಿ ಎಣಿಸಿದೆ. ದಶಮಿಯ ಮೇಲೆ ಇನ್ನೂ ಐದು ದಿನ ಉಳಿಯುತ್ತಿತ್ತು.

ಮನವಿಯನ್ನು ನಾನೇ ಬರೆದೆ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಬೇರೆ ಯಾವುದನ್ನೂ ಬರೆದಿಲ್ಲ. 'ನಾವು ಭತ್ತವನ್ನು ಅಡಗಿಸುವವರಲ್ಲ, ಹಳೆಯದು ಮಾಡುವವರು' ಎಂದು ಶುರು ಮಾಡಿದ್ದೆ. ಆಯುಧಪೂಜೆಗೆ ಜರಡಿ, ಪೊರಕೆಗಳ ಪಕ್ಕ ನನ್ನ ಪೆನ್ನನ್ನೂ ಮನವಿಯನ್ನೂ ಇಟ್ಟು ಅಮ್ಮ ಕುಂಕುಮ ಇಟ್ಟಳು. ಮರುದಿನ ಬನ್ನಿ ಮರದ ಕೆಳಗೆ ಹದಿಮೂರು ಹೆಬ್ಬೆಟ್ಟು, ಒಂದು ಸಹಿ ಬಿದ್ದವು. ಸಹಿ ಅಮ್ಮನದು. ಮೂರನೇ ಕ್ಲಾಸು ಓದಿದ್ದಳು, ಒಂದೊಂದೇ ಅಕ್ಷರ ಕೂಡಿಸಿ ಬರೆದಳು. ಮಾವ ಹಾಳೆಗಳನ್ನು ಕಣ್ಣಿಗೆ ಒತ್ತಿಕೊಂಡು, 'ಅಂಚೇಗಿಂಚೆ ಎಲ್ಲಾ ಬ್ಯಾಡ. ನಾನೇ ಕುದ್ದಾಗಿ ಕೊಟ್ಟು ಬತ್ತೀನಿ' ಎಂದ. ಎಲ್ಲರೂ ಅವನಿಗೆ ಬನ್ನಿ ಎಲೆ ಕೊಟ್ಟು ಕಾಲಿಗೆ ಬಿದ್ದರು. ನಾನೂ ಬಿದ್ದೆ.

ಸುಗ್ಗಿಗೆ ಮುಂಚೆ ಪಕ್ಕಾ ಆಜ್ಞೆ ಬಂತು. ಹತ್ತು ಮೂಟೆಯೇ. ಸಿಮೆಂಟು ಉಗ್ರಾಣವೇ. ಹೊಸದಾಗಿ ಒಂದೇ ಒಂದು ಸಾಲು ಸೇರಿತ್ತು: ವಿದ್ಯುತ್ ಯಂತ್ರದಿಂದ ಭತ್ತ ಸಂಸ್ಕರಿಸುವವರಿಗೆ ಈ ಮಿತಿ ಇಲ್ಲ.

ಆಗಲೂ ನನಗೆ ಅನುಮಾನ ಬರಲಿಲ್ಲ ಎಂದರೆ ನನ್ನಂಥ ಪೆದ್ದ ಯಾರು ಹೇಳಿ? ನಮ್ಮ ಮನವಿಯನ್ನು ಯಾರೂ ಓದೇ ಇಲ್ಲ ಎಂದುಕೊಂಡು ಸಿಟ್ಟಿನಲ್ಲಿ ಇಲಾಖೆಯ ಕಚೇರಿಗೆ ಹೋದೆ. ಅಲ್ಲಿದ್ದ ವಯಸ್ಸಾದ ಗುಮಾಸ್ತರೊಬ್ಬರು, ನಾನೂ ಅದೇ ಜಾತಿಯ ಪ್ರಾಣಿ ಎಂದು ಗೊತ್ತಾದ ಮೇಲೆ ಫೈಲು ತೆಗೆದರು. 'ನಿಮ್ಮೂರಿಂದ ಬಂದಿರೋದು ಇದೊಂದೇ ಕಣ್ರೀ. ನಿಮ್ಮ ಸಂಘದ್ದೇ. ನೀವು ಕೇಳಿದ್ದನ್ನೇ ಕೊಟ್ಟಿದಾರಲ್ಲ, ಮತ್ಯಾಕೆ ಜಗಳ?' ಎಂದರು.

ಸಂಘದ ಅಚ್ಚು ಕಾಗದ. ಸಂಘದ ಸ್ಟಾಂಪು. ಕರಡನ್ನು ಸ್ವಾಗತಿಸಿ ಬರೆದಿತ್ತು. ಗುಡಿಸಲುಗಳಲ್ಲಿ ಲೆಕ್ಕವಿಲ್ಲದೆ ಭತ್ತ ತುಂಬುವವರನ್ನು ತಡೆಯುವುದು ಒಳ್ಳೆಯದೇ ಎಂದಿತ್ತು. ಯಂತ್ರ ಉಳ್ಳವರಿಗೆ ಮಾತ್ರ ವಿನಾಯಿತಿ ಕೊಡಬೇಕು ಎಂದು ಕೇಳಿತ್ತು. ಕೆಳಗೆ ಮಾವನ ಸಹಿ. ನನ್ನ ಮನವಿ, ಹೆಬ್ಬೆಟ್ಟಿನ ಹಾಳೆಗಳು ಫೈಲಿನಲ್ಲಿ ಎಲ್ಲೂ ಇರಲಿಲ್ಲ.

ನಾನು ತಾರೀಖು ನೋಡಿದೆ. ಮತ್ತೊಮ್ಮೆ ನೋಡಿದೆ. ಗೋಡೆಗೆ ನೇತುಹಾಕಿದ್ದ ಕ್ಯಾಲೆಂಡರು ಮಗುಚಿ ಲೆಕ್ಕ ಹಾಕಿದೆ. ಅದೇ ಬುಧವಾರ. ತಾತನ ಪಕ್ಷದ ದಿನ. ಅಮ್ಮ ಒಲೆಯ ಮುಂದೆ ಬೇಯುತ್ತಿದ್ದಾಗ, ನಾವೆಲ್ಲ ಹಸಿದು ಕೂತಿದ್ದಾಗ, ಇವನು ಇಲ್ಲಿ ನಿಂತು ತಂಗಿಯ ಒಲೆ ಆರಿಸುವ ಕಾಗದಕ್ಕೆ ಸಹಿ ಹಾಕುತ್ತಿದ್ದ. ಊರವರ ಕೈಯನ್ನೆಲ್ಲ ಹಿರಿಯರ ಹೆಸರು ಹೇಳಿ ಕಟ್ಟಿಹಾಕಿ, ತನ್ನ ಕೈಯನ್ನು ಮಾತ್ರ ಬಿಚ್ಚಿಟ್ಟುಕೊಂಡಿದ್ದ! ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು?

ನೇರ ಗಿರಣಿಗೆ ಹೋದೆ. ಕೂಲಿಯವರ ಎದುರಿಗೇ ಕೇಳಿದೆ. ಮಾವ ಗದರಲಿಲ್ಲ, ಗಾಬರಿಯಾಗಲಿಲ್ಲ. 'ಲೇ ಅಳಿಯಾ, ಮುಳುಗೋ ದೋಣೀಲಿ ಎಲ್ರೂ ಕೂತ್ಕಂಡು ಮುಳುಗ್ಬೇಕೇನ್ಲಾ? ಪುರಿಗೂ ಯಂತ್ರ ಬತ್ತಾ ಐತೆ. ನಾನ್ ತರ್ಸ್ತೀನಿ. ನಿಮ್ಮಮ್ಮ ಬಂದು ಜರಡಿ ಇಡೀಲಿ, ನಾನೇನ್ ಬ್ಯಾಡ ಅಂತೀನಾ?' ಎಂದ.

'ಅದು ತಾತನ ಪಕ್ಷದ ದಿನ ಮಾವ' ಎಂದೆ.

'ಇರೀಕರು ಒಟ್ಟೆಗಾಕ್ಕೊಂತಾರೆ ಬುಡು' ಎಂದ.

ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವಳು ಪೊರಕೆ ನಿಲ್ಲಿಸಲಿಲ್ಲ. ಬಾಣಲೆ ಇಳಿಸಿದ ಮೇಲೆ ಒಂದೇ ಮಾತು ಕೇಳಿದಳು: 'ನಾವು ಕಾಯ್ತಾ ಕೂತಿದ್ವಲ್ಲ, ಅವತ್ತಾ?' ಹೂಂ ಎಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಮುಂದಿನ ಹಿಡಿ ಅಕ್ಕಿ ಎರಚಿದಳು.

ಆ ವರ್ಷ ಹಳೆಯ ಭತ್ತ ಇರುವವರೆಗೆ ಭಟ್ಟಿಗಳು ಉರಿದವು. ಸುಗ್ಗಿಯಲ್ಲಿ ಹೊಸದನ್ನು ತುಂಬುವ ಧೈರ್ಯ ಯಾರಿಗೂ ಬರಲಿಲ್ಲ. ಬೇಸಗೆ ಮುಗಿಯುವಷ್ಟರಲ್ಲಿ ಬೀದಿಯಲ್ಲಿ ಹೊಗೆ ನಿಂತಿತು. ನಮ್ಮ ಭಟ್ಟಿ ಆರಿದ ದಿನ ಅಪ್ಪ ಜಗಲಿಯಿಂದ ಎದ್ದು ಒಳಗೆ ಬಂದು ಕೂತರು. ಅಲ್ಲಿ ಈಗ ಅವರ ಎದೆಗೆ ಆಗದಂಥದ್ದು ಏನೂ ಇರಲಿಲ್ಲ. ಕೆಲವರು ಮಾವನ ಗಿರಣಿಗೇ ಜರಡಿ ಹಿಡಿಯಲು ಹೋದರು. ನಾನು ಮನೆಮನೆಗೆ ಹೋಗಿ ನಡೆದದ್ದನ್ನು ಹೇಳಿದೆ. ಯಾರೂ ನಂಬಲಿಲ್ಲ. ಅಲ್ಲ, ಅರ್ಧ ನಂಬಿದರು, ಅದು ಇನ್ನೂ ಕೆಟ್ಟದ್ದು. ಸಿಂಗಾಪುರದ ಅಜ್ಜ ಊರು ಬಿಡುವ ದಿನ ಗಾಡಿಗೆ ಬಾಣಲೆ ಹೇರುತ್ತಾ, 'ಮಾವ ಬರ್ದ, ಅಳಿಯಂಗ್ ಗೊತ್ತಿರ್ಲಿಲ್ಲ. ಆಯ್ತಪ್ಪಾ, ನಂಬಿದ್ವಿ' ಎಂದ. ಕಪಾಳಕ್ಕೆ ಹೊಡೆದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಹದಿನೈದು ದಿನ ನಾನು ಸುಮ್ಮನಿದ್ದದ್ದು ಅವನಿಗೆ ಗೊತ್ತಿತ್ತಲ್ಲ.

ಮತ್ತೆ ಗೌರಿ ಹಬ್ಬ ಬಂತು. ಎಂದಿನಂತೆ ಮಾವ ಬಾಗಿನ ತಂದ. ಅಮ್ಮ ಈಸಿಕೊಂಡಳು! ಅರಿಶಿನ ಕುಂಕುಮ ಇಟ್ಟುಕೊಂಡು, ಅಣ್ಣನ ಕಾಲಿಗೆ ನಮಸ್ಕಾರ ಮಾಡಿ, ಕಾಫಿ ಕೊಟ್ಟು ಕಳಿಸಿದಳು. ಅವನು ಬೀದಿ ದಾಟುವವರೆಗೆ ಹಲ್ಲು ಕಚ್ಚಿಕೊಂಡಿದ್ದು, ಆಮೇಲೆ ಕೂಗಾಡಿದೆ. ನಿನಗೆ ಮಾನ ಇಲ್ಲವಾ ಎಂದೆ. ಹೆತ್ತ ತಾಯಿಗೆ ಆಡಬಾರದ ಮಾತು ಅದು. ಅವನು ಮಾಡಿದ ದ್ರೋಹಕ್ಕಿಂತ ಇವಳು ಈಸಿಕೊಂಡ ಬಾಗಿನದ ಮೊರ ನನ್ನನ್ನು ಹೆಚ್ಚು ಸುಟ್ಟಿತು. ಅಮ್ಮ, 'ಗೌರಮ್ಮನ್ನ ಬಾಗ್ಲಲ್ಲಿ ನಿಲ್ಸಿ ಜಗ್ಳ ಆಡಕ್ಕಾಯ್ತದಾ ಮಗಾ' ಎಂದಷ್ಟೇ ಹೇಳಿದಳು. ನಾನು ಅವಳೊಂದಿಗೆ ಮಾತು ಬಿಟ್ಟೆ.

ಪಿತೃಪಕ್ಷದಲ್ಲಿ ತಾತನ ದಿನ ಬಂತು. ಅಮ್ಮ ಬೆಳಗಿನ ಜಾವವೇ ಎದ್ದ ಸದ್ದು ಕೇಳಿಸಿತು. ಹೋಗಲಿ, ಅಣ್ಣನ ಮನೆಯಲ್ಲಿ ಬೇಯಲಿ ಎಂದು ಮಗ್ಗುಲು ತಿರುಗಿಸಿ ಮಲಗಿದೆ. ಎಷ್ಟೋ ಹೊತ್ತಾದ ಮೇಲೆ ಮೂಗಿಗೆ ವಾಸನೆ ಬಂತು. ಕಾದ ಮರಳಿನ ವಾಸನೆ. ಎದ್ದು ಹಿತ್ತಲಿಗೆ ಓಡಿದೆ. ಭಟ್ಟಿಯನ್ನು ಸಗಣಿ ಹಾಕಿ ಸಾರಿಸಿ, ರಂಗೋಲಿ ಇಟ್ಟು, ಬೆಂಕಿ ಹಾಕಿದ್ದಳು. ಎಲ್ಲಿ ಮುಚ್ಚಿಟ್ಟಿದ್ದಳೋ, ಒಂದು ಸೇರು ಹಳೆಯ ಅಕ್ಕಿ ಅವಳ ಮಡಿಲಲ್ಲಿತ್ತು. ಹಿಡಿ ಹಿಡಿಯಾಗಿ ಎರಚಿ ಅಷ್ಟನ್ನೂ ಅರಳಿಸಿದಳು. ಭಟ್ಟಿಯ ಮುಂದೆ ಬಾಳೆ ಎಲೆ ಹಾಕಿ, ಪುರಿ ಸುರಿದು, ಮೇಲೆ ತಾತನಿಗೆ ಇಷ್ಟವಾದ ಬೆಲ್ಲ, ಕೊಬ್ಬರಿ ಇಟ್ಟಳು. ಮಗಳು ಅಪ್ಪನಿಗೆ ಎಡೆ ಇಟ್ಟದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಹಿತ್ತಲ ಬಾಗಿಲು, ಮುಂಬಾಗಿಲು ಎರಡನ್ನೂ ಮುಂದಕ್ಕೆ ಎಳೆದು, ಅವಳು ಬಂದು ಜಗಲಿಯಲ್ಲಿ ಅಪ್ಪನ ಪಕ್ಕ ಕೂತಳು. ನಾನೂ ಕೂತೆ.

ಮಧ್ಯಾಹ್ನದ ಹೊತ್ತಿಗೆ ಮಾವ ಬಂದ. ಮಡಿಪಂಚೆ, ವಿಭೂತಿ. 'ಏನ್ ತಂಗೀ, ಎಲ್ರೂ ಕಾಯ್ತಾ ಅವ್ರೆ. ಅಡಿಗೆ ನನ್ನೆಂಡ್ತಿ ಕೈಲಿ ಮಾಡ್ಸಿದ್ದಾಯ್ತು. ನೀನ್ ಬರ್ದೆ ಎಂಗೆ ಎಡೆ ಇಡ್ಲಿ? ಅಪ್ಪ ಅಸ್ಕೊಂಡು ನಿಂತಿರ್ತಾನೆ' ಎಂದ.

ಅಮ್ಮ ತುಟಿಯ ಮೇಲೆ ಬೆರಳಿಟ್ಟಳು.

'ಅಪ್ಪ ಇಲ್ಲಿಗ್ ಬಂದವ್ನೆ ಅಣ್ಣಾ' ಎಂದಳು. 'ಒಳಗೆ ಉಣ್ತಾ ಅವ್ನೆ. ಮಾತಾಡ್ಬ್ಯಾಡ, ಓಗು.'

ಮಾವ ಮುಚ್ಚಿದ ಬಾಗಿಲನ್ನು ನೋಡುತ್ತಾ ನಿಂತ. ಏನೋ ಹೇಳಲು ಬಾಯಿ ತೆರೆದ. ಅಮ್ಮ ಬೆರಳು ತೆಗೆಯಲಿಲ್ಲ. ಅವನು ಕಳಚಿಟ್ಟಿದ್ದ ಮೆಟ್ಟು ಹಾಕಿಕೊಂಡು ಬಿಸಿಲಿನಲ್ಲಿ ವಾಪಸ್ಸು ಹೋದ. ಅವನು ಕಣ್ಮರೆಯಾದ ಮೇಲೆ ಅಮ್ಮ ಎದ್ದು ಬಾಗಿಲು ತೆರೆದು, ಎಡೆಯ ಪುರಿಯನ್ನು ನಮ್ಮ ಮೂವರಿಗೂ ಹಂಚಿದಳು.